ತೋರಿಸುವ ದುಡ್ಡಲ್ಲ, ಮಕ್ಕಳ ಅನ್ನದ ದುಡ್ಡು

ಬಜ್ಪೆಯಿಂದ ದುಬೈಗೋ ದಮ್ಮಾಮ್‌ಗೋ ವಿಮಾನ ಹತ್ತಿಸಿ ಕಳುಹಿಸುವುದು ಬ್ಯಾರಿ ಮನೆಗಳಿಗೆ ಹೊಸತಲ್ಲ. ಎರಡು ತಲೆಮಾರು ಹಾಗೆಯೇ ಕಳೆಯಿತು. ಹೋದವರು ದುಡಿದರು, ಹಂಚಿನ ಮನೆ ಇದ್ದಲ್ಲಿ ಟೆರೇಸ್ ಮನೆ ಕಟ್ಟಿಸಿದರು, ತಂಗಿಯಂದಿರ ಮದುವೆ ಮಾಡಿಸಿದರು. ಈಗ ಅವರ ಮಕ್ಕಳು ಬೇರೆ ದಿಕ್ಕಿಗೆ ಹೊರಟಿದ್ದಾರೆ, ಅದೂ ದುಡಿಯಲಿಕ್ಕಲ್ಲ, ಓದಲಿಕ್ಕೆ. ಹುಡುಗಿಯರೂ ಹೊರಟಿದ್ದಾರೆ. ಇದಕ್ಕಿಂತ ಸಂತೋಷದ ಸುದ್ದಿ ನಮಗೆ ಬೇರೆ ಬೇಕಾಗಿಲ್ಲ. ಆದರೆ ಈ ಪ್ರಯಾಣದ ಲೆಕ್ಕಾಚಾರದಲ್ಲಿ ನಾವು ಇನ್ನೂ ಗಲ್ಫ್‌ನ ಲೆಕ್ಕವನ್ನೇ ಹಿಡಿದುಕೊಂಡಿದ್ದೇವೆ. ತೊಂದರೆ ಇರುವುದು ಅಲ್ಲಿ.

ಜರ್ಮನಿಯ ಮಾತನ್ನೇ ತೆಗೆದುಕೊಳ್ಳೋಣ. "ಅಲ್ಲಿ ಫೀಸೇ ಇಲ್ಲವಂತೆ" ಎಂಬ ಮಾತು ಮದುವೆ ಹಾಲ್‌ನಿಂದ ಪಳ್ಳಿಯ ಅಂಗಳದವರೆಗೆ ಓಡಾಡುತ್ತಿದೆ. ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೊಮ್ಮೆ ಒಂದು ಸಣ್ಣ ಮೊತ್ತ ಕಟ್ಟಿದರೆ ಸಾಕು. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯುರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಆರಂಭಿಸಿತು. ಖಾಸಗಿ ಕಾಲೇಜುಗಳಲ್ಲಂತೂ ಫೀಸು ಇದ್ದೇ ಇದೆ, ದೊಡ್ಡದೇ ಇದೆ. ನಮ್ಮೂರಿನ ಕೆಲವು ಏಜೆಂಟರು ಮಕ್ಕಳನ್ನು ಆ ಕಡೆಗೇ ಯಾಕೆ ದೂಡುತ್ತಾರೆ ಅಂತ ಕೇಳಬೇಕಾಗಿಲ್ಲ. ಕಮಿಷನ್ ಸಿಗುವ ಬಾಗಿಲು ಯಾವುದು ಎಂದು ನೋಡಿದರೆ ಗೊತ್ತಾಗುತ್ತದೆ.

ಆದರೆ ನಾವು ಇವತ್ತು ಹೇಳಬೇಕೆಂದಿರುವುದು ಫೀಸಿನ ವಿಷಯವಲ್ಲ, ಬ್ಲಾಕ್ಡ್ ಅಕೌಂಟ್‌ನ ವಿಷಯ. ವೀಸಾ ಬೇಕಾದರೆ ವಿದ್ಯಾರ್ಥಿಯ ಹೆಸರಲ್ಲಿ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯುರೋ, ಅಂದರೆ ಸುಮಾರು 12 ಲಕ್ಷ ರೂಪಾಯಿ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯುರೋದಂತೆ ಅದು ಕೈಗೆ ಬರುತ್ತದೆ. ಒಮ್ಮೆಲೇ ತೆಗೆಯಲಿಕ್ಕೆ ಆಗುವುದಿಲ್ಲ.

ಇಲ್ಲಿ ನಮ್ಮವರ ಕೆಲವು ಮನೆಗಳಲ್ಲಿ ಏನಾಗುತ್ತಿದೆ ನೋಡಿ. "ಅದು ಬರೇ ತೋರಿಸಲಿಕ್ಕೆ ಇರುವ ದುಡ್ಡು" ಎಂದು ಯಾರೋ ಹೇಳುತ್ತಾರೆ. ಉಮ್ಮನ ಚಿನ್ನ ಅಡವಿಟ್ಟು, ಪರಿಚಯದವರಿಂದ ಕೈಸಾಲ ತಂದು ಅಕೌಂಟ್ ತುಂಬಿಸುತ್ತಾರೆ. ತಿಂಗಳು ತಿಂಗಳು ಬರುವ ದುಡ್ಡನ್ನು ವಾಪಸ್ ಕಳುಹಿಸಿ ಸಾಲ ತೀರಿಸುವುದು, ಊಟ, ಬಾಡಿಗೆಗೆ ಮಗ ಅಲ್ಲೇ ಪಾರ್ಟ್‌ಟೈಮ್ ದುಡಿಯುವುದು ಎಂದು ಮಾತಾಗಿರುತ್ತದೆ. ಕಾಗದದ ಮೇಲೆ ಚಂದ ಉಂಟು. ಆದರೆ 992 ಯುರೋ ಎನ್ನುವುದು ಹೊಟ್ಟೆ ತುಂಬಿ ಮಿಗುವ ದುಡ್ಡಲ್ಲ, ಹಿಡಿದು ಖರ್ಚು ಮಾಡಿದರೆ ಸಾಕಾಗುವ ದುಡ್ಡು. ಕೋಣೆಯ ಬಾಡಿಗೆಗೇ ಅರ್ಧ ಹೋಗುತ್ತದೆ, ದೊಡ್ಡ ನಗರವಾದರೆ ಇನ್ನೂ ಹೆಚ್ಚು. ಆರೋಗ್ಯ ವಿಮೆ ಕಡ್ಡಾಯ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ರೇಡಿಯೋ-ಟಿವಿ ಶುಲ್ಕವೆಂದು ಮನೆಗೆ ತಿಂಗಳಿಗೆ 18.36 ಯುರೋ ಕೇಳಿ ಪತ್ರ ಬರುತ್ತದೆ! ಅದನ್ನು ಕಟ್ಟದೆ ಬಿಟ್ಟರೆ ಮತ್ತೊಂದು ಪತ್ರ.

ಇನ್ನು ಕೆಲಸ. ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಮಾತ್ರ ದುಡಿಯಬಹುದು. ಜರ್ಮನ್ ಭಾಷೆ ಬಾರದವನಿಗೆ ಹೋದ ವಾರವೇ ಕೆಲಸ ಸಿಗುವುದಿಲ್ಲ. ಸಿಕ್ಕಿದರೆ ಗೋದಾಮಿನಲ್ಲಿ ರಾತ್ರಿ ಪಾಳಿ, ಇಲ್ಲವೇ ಸೈಕಲ್ ಮೇಲೆ ಊಟ ಹಂಚುವುದು. ಕೆಲಸ ಕೀಳಲ್ಲ, ನಮ್ಮ ಹಿರಿಯರು ಇದಕ್ಕಿಂತ ಕಷ್ಟದ್ದು ಮಾಡಿದ್ದಾರೆ. ಆದರೆ ರಾತ್ರಿಯಿಡೀ ಪೆಟ್ಟಿಗೆ ಎತ್ತಿದ ಹುಡುಗ ಬೆಳಿಗ್ಗೆ ಕ್ಲಾಸಿನಲ್ಲಿ ಎಂತ ಕೇಳಿಯಾನು? ಅಲ್ಲಿ ಸಾಮಾನ್ಯವಾಗಿ ಒಂದು ವಿಷಯದ ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ನಮ್ಮ ಬ್ಯಾಕ್‌ಲಾಗ್ ತರಹ ಎಳೆಯುತ್ತಾ ಹೋಗುವ ಹಾಗಿಲ್ಲ. ಕೋರ್ಸು ಹೋದರೆ ವಾಸದ ಪರವಾನಗಿಯೂ ಅಲುಗಾಡುತ್ತದೆ. ಸಾಲ ತೀರಿಸಲಿಕ್ಕೆ ಹೋಗಿ ಓದನ್ನೇ ಕಳಕೊಂಡ ಹಾಗಾಯಿತು.

ಇದೆಲ್ಲ ಮನೆಗೆ ತಿಳಿಯುವುದಿಲ್ಲ. ಫೋನಿನಲ್ಲಿ ಮಗ "ಆರಾಮ ಇದ್ದೇನೆ" ಅನ್ನುತ್ತಾನೆ. ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಬೆಳಗಾಗುವುದೇ ಎಂಟು ಗಂಟೆಗೆ, ಸಂಜೆ ನಾಲ್ಕಕ್ಕೆ ಕತ್ತಲೆ. ಳುಹರ್, ಅಸರ್, ಮಗ್ರಿಬ್ ಮೂರೂ ಒಂದರ ಹಿಂದೆ ಒಂದು ಓಡಿ ಬರುತ್ತವೆ. ಜುಮಾಕ್ಕೆ ಹೋದರೆ ಹೆಚ್ಚಿನ ಕಡೆ ತುರ್ಕಿಯವರ ಮಸೀದಿ, ಮಾತೆಲ್ಲ ತುರ್ಕಿಯಲ್ಲಿ. ಭಾನುವಾರ ಅಂಗಡಿಗಳೆಲ್ಲ ಬಂದ್. ಆ ದಿನಗಳಲ್ಲಿ ಊರಿನಿಂದ ಬರುವ ಕರೆ "ಯಾವಾಗ ಕಳುಹಿಸುತ್ತಿ" ಎಂದಲ್ಲ, "ಉಂಡೆಯಾ" ಎಂದು ಆರಂಭವಾಗಬೇಕು.

ಹಾಗಾದರೆ ಬಡವರ ಮಕ್ಕಳು ಹೋಗುವುದೇ ಬೇಡವೇ? ನಾವು ಹಾಗೆ ಹೇಳುವವರಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಶಿಕ್ಷಣ ಸಾಲದ ಬಡ್ಡಿಗೆ ನೆರವಾಗುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿಬಿಟ್ಟಿತು. ಬಡ್ಡಿಯ ಸಾಲ ಬೇಡ ಎನ್ನುವ ಮನೆಗಳಿಗೆ ಉಳಿದ ದಾರಿ ಚಿನ್ನ, ಜಾಗ, ಕೈಸಾಲ. ಈ ಜಾಗದಲ್ಲಿ ನಮ್ಮ ಜಮಾಅತ್‌ಗಳು, ಟ್ರಸ್ಟ್‌ಗಳು ನಿಲ್ಲಬೇಕು. ವಿದ್ಯಾರ್ಥಿವೇತನ ಹಂಚುವ ಸಭೆಗಳಲ್ಲಿ ಶಾಲು, ಸ್ಮರಣಿಕೆಗೇ ಎಷ್ಟು ಹೋಗುತ್ತದೆ ಎಂದು ನಾವು ಬರೆಯುವುದು ಬೇಡ, ಎಲ್ಲರಿಗೂ ಗೊತ್ತುಂಟು. ಅರ್ಹ ಹುಡುಗ, ಹುಡುಗಿಯರನ್ನು ಆರಿಸಿ, ಬ್ಲಾಕ್ಡ್ ಅಕೌಂಟ್‌ನ ಮೊತ್ತವನ್ನೇ ಕರ್ಝೆ ಹಸನ್ ಆಗಿ ಕೊಡಿ. ಕಂತು ಆರಂಭವಾಗುವುದು ಓದು ಮುಗಿದು ಕೆಲಸ ಸಿಕ್ಕ ಮೇಲೆ. ಪದವಿಯ ನಂತರ ಕೆಲಸ ಹುಡುಕಲು ಅಲ್ಲಿ 18 ತಿಂಗಳ ಪರವಾನಗಿ ಸಿಗುತ್ತದೆ, ಅಷ್ಟು ಸಮಯ ನಾವೂ ಕಾಯಬಹುದು. ಐವತ್ತು ಮಂದಿಗೆ ಐದೈದು ಸಾವಿರ ಹಂಚಿ ಫೋಟೋ ತೆಗೆಸುವುದರ ಬದಲು ವರ್ಷಕ್ಕೆ ಇಬ್ಬರಾದರೂ ಆಗಲಿ.

ಅಲ್ಲಿರುವ ನಮ್ಮ ಮಕ್ಕಳ ಮೇಲೂ ಒಂದು ಹಕ್ಕಿನ ಬೇಡಿಕೆ ಉಂಟು. ಮನೆ ಸಿಕ್ಕಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ವಿಳಾಸವೇ ಇಲ್ಲದವನಿಗೆ ಮುಂದಿನ ಕಾಗದಪತ್ರಗಳೆಲ್ಲ ಅಡ್ಡ ನಿಲ್ಲುತ್ತವೆ. ವಿದ್ಯಾರ್ಥಿ ಹಾಸ್ಟೆಲಿಗೆ ಉದ್ದ ಸರತಿ. ಹೊಸಬನಿಗೆ ಮೊದಲ ತಿಂಗಳು ತಲೆ ಹಾಕಲು ಒಂದು ಮೂಲೆ, ಬಾಡಿಗೆ ಕರಾರನ್ನು ಓದಿ ಹೇಳುವ ಒಬ್ಬ ಅಣ್ಣ ಸಿಕ್ಕಿದರೆ ಅರ್ಧ ಭಾರ ಇಳಿಯುತ್ತದೆ. ಗಲ್ಫ್‌ಗೆ ಹೋದ ನಮ್ಮ ಕಾಕಂದಿರು ಒಂದೇ ಕೋಣೆಯಲ್ಲಿ ಹತ್ತು ಮಂದಿಗೆ ಜಾಗ ಮಾಡಿಕೊಟ್ಟವರು.

ಅಕ್ಟೋಬರಿನಲ್ಲಿ ಶುರುವಾಗುವ ಸೆಮಿಸ್ಟರಿಗೆ ಹಲವು ಕಡೆ ಅರ್ಜಿಯ ಕೊನೆ ದಿನ ಜುಲೈ 15. ಭಾರತೀಯರು ಅದಕ್ಕೂ ಮೊದಲು ಎಪಿಎಸ್ ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಒಳ್ಳೆಯದು, ವೀಸಾಕ್ಕೆ ಅದು ಬೇಕೇ ಬೇಕು. ಮುಂದಿನ ವರ್ಷ ಹೊರಡುವ ಮಕ್ಕಳಿರುವ ಮನೆಯವರು ಏಜೆಂಟರ ಆಫೀಸಿಗೆ ಹೋಗುವ ಮೊದಲು, ಹೋಗಿ ಬಂದ ಒಬ್ಬ ವಿದ್ಯಾರ್ಥಿಯನ್ನು ಮನೆಗೆ ಕರೆದು, ಒಂದು ಚಾ ಕೊಟ್ಟು, ತಿಂಗಳ ಖರ್ಚನ್ನು ಕಾಗದದಲ್ಲಿ ಬರೆಸಿಕೊಳ್ಳಿ.