ನಷ್ಟದ ಚಿತ್ರ ಯಾರಿಗೆ ನಷ್ಟ?

ಬಿ. ಆರ್. ಪಂತುಲು ಅವರ ಹೆಸರೆತ್ತಿದೊಡನೆ ಚಿತ್ರವ್ಯಾಪಾರಿಗಳು ಜಮಾಖರ್ಚಿನ ಪುಸ್ತಕ ಬಿಚ್ಚುತ್ತಾರೆ. 1959ರ ‘ವೀರಪಾಂಡಿಯ ಕಟ್ಟಬೊಮ್ಮನ್’ ಜಮೆಯ ಕಡೆ. 1965ರ ‘ಆಯಿರತ್ತಿಲ್ ಒರುವನ್’ ಅದೂ ಜಮೆಯ ಕಡೆ. 1961ರ ‘ಕಪ್ಪಲೋಟ್ಟಿಯ ತಮಿಳನ್’ ಮಾತ್ರ ಖರ್ಚಿನ ಕಡೆ! “ಜನಕ್ಕೆ ಬೇಡವಾಗಿತ್ತು, ಸ್ವಾಮಿ” ಎಂದು ಷರಾ ಬರೆದು ಪುಸ್ತಕ ಮುಚ್ಚುತ್ತಾರೆ. ಈ ಷರಾವನ್ನು ನಾವು ಒಪ್ಪುವುದಿಲ್ಲ.

ಕೋಲಾರ ಸೀಮೆಯ ಈ ಮನುಷ್ಯ ಶಾಲಾ ಮಾಸ್ತರಿಕೆ ಬಿಟ್ಟು ನಾಟಕಕ್ಕೆ ಇಳಿದವರು, 1936ರ ‘ಸಂಸಾರ ನೌಕೆ’ಯಲ್ಲಿ ನಾಯಕರಾದವರು, ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿ ತಮಿಳು ಕನ್ನಡ ಎರಡರಲ್ಲೂ ಚಿತ್ರ ತೆಗೆದವರು. ಅವರು ತಮಿಳರವರೋ ನಮ್ಮವರೋ ಎಂಬ ಜಗಳ ಕೆಲಸವಿಲ್ಲದವರಿಗಿರಲಿ.

‘ಕಪ್ಪಲೋಟ್ಟಿಯ ತಮಿಳನ್’ ಯಾರ ಕಥೆ? ತೂತ್ತುಕುಡಿಯ ವಕೀಲ ವಿ. ಓ. ಚಿದಂಬರಂ ಪಿಳ್ಳೆಯವರದು. 1906ರಲ್ಲಿ ಅವರು ಸ್ವದೇಶಿ ಹಡಗಿನ ಕಂಪನಿ ಕಟ್ಟಿದರು. ಷೇರೊಂದಕ್ಕೆ 25 ರೂಪಾಯಿ. ಕೊಲಂಬೋ ದಾರಿಯಲ್ಲಿ ಅಲ್ಲಿಯವರೆಗೆ ಬಿಳಿಯರ ಕಂಪನಿಯದೇ ದರ್ಬಾರು. ಅದು ಏನು ಮಾಡಿತು? ದರ ಇಳಿಸಿತು, ಮತ್ತೂ ಇಳಿಸಿತು, ಕಡೆಗೆ ಪುಕ್ಕಟೆ ಪ್ರಯಾಣ, ಮೇಲೊಂದು ಕೊಡೆ ಬೇರೆ! ದೊಡ್ಡ ಗಂಟಿನವನು ಒಂದು ವರ್ಷ ನಷ್ಟ ತಿಂದಾದರೂ ಚಿಕ್ಕವನ ಬಾಗಿಲು ಮುಚ್ಚಿಸುವ ಈ ಉಪಾಯವನ್ನು ಪೇಟೆಯ ಚಿಲ್ಲರೆ ವರ್ತಕನಿಗೆ ನಾವು ವಿವರಿಸಬೇಕೇ?

1908ರ ಫೆಬ್ರವರಿಯಲ್ಲಿ ಅದೇ ಊರಿನ ಕೋರಲ್ ಮಿಲ್ಲಿನ ಕಾರ್ಮಿಕರು ಮುಷ್ಕರ ಹೂಡಿದಾಗ ಹಡಗಿನ ವಕೀಲರೇ ಮುಂದೆ ನಿಂತರು. ಊರಿಗೆ ಊರೇ ಕಾರ್ಮಿಕರ ಬೆನ್ನಿಗೆ ನಿಂತಿತು. ಮುಷ್ಕರವನ್ನು ಹಳಿದ ವಕೀಲನೊಬ್ಬನ ಮುಖ ಅರ್ಧ ಬೋಳಾಗಿದ್ದಾಗಲೇ ಕ್ಷೌರಿಕ ಕತ್ತಿ ಕೆಳಗಿಟ್ಟನೆಂಬ ಕಥೆಯೂ ಉಂಟು. ಗಿರಣಿಯವರು ಬಗ್ಗಿದರು, ಕೂಲಿ ಏರಿತು, ವಾರದ ರಜೆ ಬಂತು. ಕೆಲವೇ ದಿನಗಳಲ್ಲಿ, ಮಾರ್ಚ್ 12ರಂದು, ಪಿಳ್ಳೆಯವರ ಬಂಧನ. ಕೊಯಮತ್ತೂರು ಸೆರೆಮನೆಯಲ್ಲಿ ಎತ್ತಿನ ಬದಲು ಅವರನ್ನು ಗಾಣಕ್ಕೆ ಕಟ್ಟಿದರು. 1911ರಲ್ಲಿ ಕಂಪನಿಯೂ ಮುಳುಗಿತು. 1912ರ ಕೊನೆಗೆ ಹೊರಬಂದಾಗ ವಕೀಲಿ ಸನ್ನದು ಇಲ್ಲ, ಕೈಯಲ್ಲಿ ಕಾಸಿಲ್ಲ.

ಇಂಥ ಬಾಳನ್ನು ಪಂತುಲು ತೆರೆಗೆ ತಂದರು. ಅಲ್ಲಿ ಶಿವಾಜಿ ಗಣೇಶನ್‌ಗೆ ಕಿರೀಟವಿಲ್ಲ, ಖಡ್ಗವಿಲ್ಲ. ಕಟ್ಟಬೊಮ್ಮ ನೇಣಿಗೆ ಹೋಗುವಾಗಲೂ ಪಾಳೆಯಗಾರನೇ. ಅವನ ಗರ್ಜನೆಗೆ ಶಿಳ್ಳೆ ಬಿತ್ತು. ಗಾಣ ಎಳೆಯುವವನಿಗೆ ಶಿಳ್ಳೆ ಹಾಕುವುದು ಹೇಗೆ? ಅದೇ 1961ರಲ್ಲಿ ಪಂತುಲು ಕನ್ನಡಕ್ಕೆ ‘ಕಿತ್ತೂರು ಚೆನ್ನಮ್ಮ’ನನ್ನು ಕೊಟ್ಟರು. ಅದು ಒಳ್ಳೆಯ ಚಿತ್ರ, ಸಂದೇಹವಿಲ್ಲ; ಆದರೂ ಅರಮನೆಯ ಕಥೆ. ಗಿರಣಿಯ ಬಾಗಿಲಿಗೆ ಅವರು ಬಂದದ್ದು ತಮಿಳಿನ ಆ ಚಿತ್ರದಲ್ಲಿಯೇ.

ದೆಹಲಿ ಅದಕ್ಕೆ ರಾಷ್ಟ್ರಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯಿಂದ ಸಾಲ ತೀರೀತೇ? ಪಂತುಲು ಮತ್ತೆ ರಥ, ಕಿರೀಟ, ಅಕ್ಷೌಹಿಣಿಗಳ ಕಡೆ ತಿರುಗಿದರು. 1964ರಲ್ಲಿ ‘ಕರ್ಣನ್’ ಬಂತು. ಅವರನ್ನು ನಾವು ದೂರುವುದಿಲ್ಲ. ಸ್ವಂತ ಹಣ ಒಡ್ಡಿ ಒಮ್ಮೆ ಸೋತವನಿಗೆ ಎರಡನೆಯ ಬಾರಿ ಯಾರು ಸಾಲ ಕೊಡುತ್ತಾರೆ? ಆದರೆ ಅವರನ್ನು ಬರೀ ವೈಭವದ ನಿರ್ದೇಶಕರೆಂದು ಹೊಗಳಿ ಕೈತೊಳೆದುಕೊಳ್ಳುವವರನ್ನು ದೂರುತ್ತೇವೆ.

2012ರಲ್ಲಿ ‘ಕರ್ಣನ್’ ಹೊಸ ಹೊಳಪಿನೊಡನೆ ಮತ್ತೆ ತೆರೆಗೆ ಬಂದು ಜನ ಮುಗಿಬಿದ್ದು ನೋಡಿದರು. ಅರ್ಧ ಶತಮಾನದ ಹಿಂದಿನ ಚಿತ್ರಕ್ಕೆ ಜನ ಬರುವುದಿಲ್ಲವೆಂಬ ಮಾತು ಅಂದೇ ಸುಳ್ಳಾಯಿತು. ಹಾಗಾದರೆ ಗಾಣದ ಚಿತ್ರವನ್ನೂ ತನ್ನಿ. ಕನ್ನಡದ ಮಾತು ಸೇರಿಸಿ, ಗಿರಣಿ ಕೇರಿಗಳ ಬಯಲಿನಲ್ಲಿ, ಪಾಳಿ ಮುಗಿಯುವ ಹೊತ್ತಿಗೆ, ಕೂಲಿಗಾರನ ಕೈಗೆಟುಕುವ ದರಕ್ಕೆ ತೋರಿಸಿ. ಜನಕ್ಕೆ ಬೇಕೋ ಬೇಡವೋ ಎಂಬ ಷರಾವನ್ನು ಆಮೇಲೆ ಬರೆಯಿರಿ.