ಈಯುವ ಕುದುರೆ ಮತ್ತು ಐಚ್ಛಿಕ ಕನ್ನಡ

ಕನ್ನಡ ಕಾವ್ಯದಲ್ಲಿ ಕುದುರೆಗಳಿಗೆ ಕೊರತೆಯಿಲ್ಲ. ಅವು ರಥ ಎಳೆಯುತ್ತವೆ, ರಣಕ್ಕೆ ನುಗ್ಗುತ್ತವೆ, ಅಶ್ವಮೇಧದ ನೆಪದಲ್ಲಿ ದೇಶ ಸುತ್ತುತ್ತವೆ; ವೀರಗಲ್ಲುಗಳ ಮೇಲೆ ಸವಾರನೊಡನೆ ನಿಂತೂ ಇವೆ. ಆದರೆ ಆ ಕುದುರೆಗಳನ್ನು ಈದ ತಾಯಿ ಯಾವುದು, ಆ ರಾತ್ರಿ ಲಾಯದಲ್ಲಿ ದೀಪ ಹಿಡಿದು ಎಚ್ಚರವಾಗಿದ್ದವರು ಯಾರು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದಿಲ್ಲ. ಓಟವನ್ನು ವರ್ಣಿಸಿದಷ್ಟು ಸುಲಭವಾಗಿ ಸಾಹಿತ್ಯವು ಹೆರಿಗೆಯನ್ನು ವರ್ಣಿಸುವುದಿಲ್ಲ.

ಕೊತ್ತಪಲ್ಲಿ, ಮಕ್ತಲ್, ನಾರಾಯಣಪೇಟೆಯ ಕಡೆಯ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿಯುವ ಭೀಮೆ ಕೃಷ್ಣೆಯನ್ನು ಸೇರುವುದು ಈ ಸೀಮೆಯ ಅಂಚಿನಲ್ಲಿಯೇ. ಅದೇ ನದಿಯ ಮೇಲ್ದಂಡೆಯಲ್ಲಿ, ಪುಣೆಯ ಸುತ್ತ, ಮರಾಠಾ ಅಶ್ವದಳಕ್ಕೆ ಹೆಸರು ತಂದ ‘ಭೀಮಥಡಿ’ ತಳಿ ಬೆಳೆಯಿತು. ಮರಾಠಿಯ ‘ಥಡಿ’ ಎಂದರೆ ದಡ. ಕನ್ನಡದ ‘ತಡಿ’ಯೂ ಅದೇ. ಸೈನ್ಯಗಳು ಹೋದವು, ಕುದುರೆ ಉಳಿಯಿತು. ಇಂದು ಅದು ಕುರಿಮಂದೆಯೊಡನೆ ಊರೂರು ಅಲೆಯುವ ಧನಗರರ ಸಂಸಾರವನ್ನು ಬೆನ್ನ ಮೇಲೆ ಹೊರುತ್ತದೆ. ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಈಚೆಗೆ ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಬಣ್ಣ, ಎತ್ತರ, ಮೈಕಟ್ಟುಗಳು ದಾಖಲಾದವು. ಸಾಕಿದವರ ಮಾತು ದಾಖಲಾಗಲಿಲ್ಲವೆಂದರೆ ಅದು ಆ ಸಂಸ್ಥೆಯ ತಪ್ಪಲ್ಲ, ಅದು ಭಾಷಾ ವಿಭಾಗಗಳ ಕೆಲಸ.

ಗಡಿನಾಡಿನ ಮನೆಗಳಲ್ಲಿ ಆ ಮಾತು ಸಮೃದ್ಧವಾಗಿದೆ. ಕನ್ನಡದಲ್ಲಿ ‘ಗಬ್ಬ’ವಾದದ್ದು ಮರಾಠಿಯಲ್ಲಿ ‘ಗಾಭಣ’. ಕನ್ನಡದ ‘ಈನು’ ತೆಲುಗಿನಲ್ಲಿಯೂ ಈನುವೇ. ಕುದುರೆಮರಿಗೆ ಮರಾಠಿ ‘ಶಿಂಗರೂ’ ಎಂಬ ಬೇರೊಂದು ಹೆಸರನ್ನೇ ಇಟ್ಟುಕೊಂಡಿದೆ. ಹಸು, ಎಮ್ಮೆ, ಕುರಿಗಳಿರುವ ಮನೆಯ ಹುಡುಗಿಗೆ ಗಬ್ಬ, ಕೆಚ್ಚಲು, ಮಾಸು, ಗಿಣ್ಣು ಎಂಬವು ಮೊದಲೇ ಗೊತ್ತು. ಉತ್ತರಪತ್ರಿಕೆಗೆ ಕೈಹಚ್ಚಿದಾಗ ಮಾತ್ರ ಅವೆಲ್ಲ ಮಾಯವಾಗಿ ‘ಗರ್ಭಾವಸ್ಥೆ’, ‘ಪ್ರಸವ’ ಬಂದು ಕೂರುತ್ತವೆ. ಯಾರು ಹಾಗೆ ಕಲಿಸಿದರೋ!

ಪದಗಳು ಹಸುವಿಗೂ ಕುದುರೆಗೂ ಒಂದೇ. ಅವುಗಳ ಹಿಂದಿರುವ ಕಾಲಮಾನ ಒಂದಲ್ಲ. ಅಪಾಯವಿರುವುದು ಇಲ್ಲಿಯೇ. ಕುದುರೆಯ ಗಬ್ಬ ಸುಮಾರು ಹನ್ನೊಂದು ತಿಂಗಳು. ಕೊನೆಯ ಮೂರು ತಿಂಗಳಲ್ಲಿ ಒಳಗಿನ ಮರಿ ವೇಗವಾಗಿ ಬೆಳೆಯುವುದರಿಂದ ಮೇವು, ಕಾಳು ಎರಡನ್ನೂ ಹದವರಿತು ಹೆಚ್ಚಿಸಬೇಕು. ಬೂಷ್ಟು ಹಿಡಿದ ಮೇವನ್ನು ಹತ್ತಿರ ಸುಳಿಯಗೊಡಬಾರದು. ಈಯಲು ನಾಲ್ಕಾರು ವಾರಗಳಿರುವಾಗ ಧನುರ್ವಾಯುವಿನ ಲಸಿಕೆ ಹಾಕಿಸಬೇಕು, ಈಯಬೇಕಾದ ಜಾಗಕ್ಕೆ ಆಗಲೇ ಒಯ್ದು ಕಟ್ಟಬೇಕು. ಇದು ಬರಿಯ ಅನುಕೂಲದ ಮಾತಲ್ಲ. ಕುದುರೆಮರಿ ರೋಗನಿರೋಧಕ ಶಕ್ತಿಯನ್ನು ಹೊಟ್ಟೆಯೊಳಗಿಂದ ಪಡೆದು ಬರುವುದಿಲ್ಲ, ಗಿಣ್ಣುಹಾಲಿನಿಂದ ಪಡೆಯುತ್ತದೆ. ತಾಯಿ ಆ ನೆಲದ ಸೋಂಕುಗಳಿಗೆ ಒಗ್ಗಿಕೊಂಡರೆ ಮಾತ್ರ ಹಾಲಿನಲ್ಲಿ ಅದಕ್ಕೆ ತಕ್ಕ ಕಾವಲು ಇರುತ್ತದೆ. ಎಷ್ಟೋ ಕುದುರೆಗಳಲ್ಲಿ ಈಯುವ ಒಂದೆರಡು ದಿನ ಮೊದಲು ಮೊಲೆತೊಟ್ಟಿನ ತುದಿಗೆ ಮೇಣದಂಥ ಹನಿ ಕಟ್ಟುತ್ತದೆ. ಆಮೇಲೆ ರಾತ್ರಿ ಕಾಯುವ ಕೆಲಸ, ಏಕೆಂದರೆ ಕುದುರೆ ಈಯುವುದು ಹೆಚ್ಚಾಗಿ ರಾತ್ರಿಯಲ್ಲಿಯೇ.

ನೀರುಚೀಲ ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಬೀಳಬೇಕು. ಎಮ್ಮೆಯ ಅನುಭವವನ್ನೇ ನೆಚ್ಚಿ ‘ಇನ್ನೂ ಹೊತ್ತಿದೆ’ ಎಂದು ಕೂತವನು ಮರಿಯನ್ನು ಕಳೆದುಕೊಳ್ಳುತ್ತಾನೆ. ಹಸುವಿನ ಮಾಸು ಅರ್ಧ ದಿನ ತಡೆದರೂ ಮನೆಯವರು ಕಾದಾರು. ಕುದುರೆಯದು ಮೂರು ಗಂಟೆ ಮೀರಿದರೆ ವೈದ್ಯರನ್ನು ಕರೆಯಲೇಬೇಕು. ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆಗೆ ಬಾಯಿ ಹಚ್ಚಬೇಕು. ಒಂದು ದಿನ ಕಳೆದ ಮೇಲೆ ಎಷ್ಟು ಗಿಣ್ಣು ಕುಡಿಸಿದರೂ ಅದರ ಕಾವಲು ಕರುಳಿನಿಂದ ಮೈಗೆ ಸೇರುವುದಿಲ್ಲ.

ಇಂಥ ತಿಳಿವನ್ನು ಬರೆದಿಡುವುದು ಕೀಳು ಕೆಲಸವೆಂದು ಹಳೆಯ ಕನ್ನಡ ಎಣಿಸಿರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆದಿಯಲ್ಲಿ ‘ಗೋವೈದ್ಯ’ ಬರೆದನು. ಗೋವೈದ್ಯವಿದ್ದ ಭಾಷೆಗೆ ಅದೊಂದೇ ಸಾಲದೆ, ಅಭಿನವಚಂದ್ರನ ‘ಅಶ್ವವೈದ್ಯ’ವೂ 1627ರಲ್ಲಿ ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ವೂ ಬಂದವು. ಶಾಲಿಹೋತ್ರನ ಹೆಸರಂತೂ ಸಂಸ್ಕೃತದಿಂದ ಇಳಿದು ಹಿಂದುಸ್ತಾನಿಯಲ್ಲಿ ಕುದುರೆವೈದ್ಯನಿಗೆ ‘ಸಾಲೋತರಿ’ ಎಂಬ ಕಸುಬಿನ ಹೆಸರಾಗಿ ನಿಂತಿತು. ಐಚ್ಛಿಕ ಕನ್ನಡದಲ್ಲಿ ಇವೆಲ್ಲ ‘ಶಾಸ್ತ್ರಸಾಹಿತ್ಯ’ ಎಂಬ ಒಂದು ಶೀರ್ಷಿಕೆಯ ಕೆಳಗೆ ಒಂದು ಅಂಕದ ಪ್ರಶ್ನೆಗಳಾಗಿ ಉಳಿದಿವೆ. ಕೃತಿ ಯಾರದು? ಬಿಟ್ಟ ಸ್ಥಳ ತುಂಬಿರಿ. ಕೃತಿಯೊಳಗೆ ಏನಿದೆಯೆಂದು ಕೇಳುವ ಪ್ರಶ್ನೆಪತ್ರಿಕೆ ಅಪರೂಪ.

ಈಗ ಕುದುರೆಗಳು ಎಲ್ಲಿವೆ, ಇದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಕುರಿಮಂದೆಯ ಜೊತೆ ಅವು ಪ್ರತಿ ವರ್ಷವೂ ಬರುತ್ತವೆ. ನೋಡುವವರು ಕುರಿಗಳನ್ನಷ್ಟೇ ಎಣಿಸುತ್ತಾರೆ. ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಗಳು ಹಾಡು ಹೇಳಿಸಿಕೊಂಡು ಹಿಂದಿರುಗುವುದು ರೂಢಿ. ಈ ಬಾರಿ ಮಂದೆಯ ಬಿಡಾರದಲ್ಲಿ ಹೆಣ್ಣುಕುದುರೆಯೊಂದು ಕಂಡರೆ, ಹಾಡಿಗೆ ಮೊದಲು ಕೇಳಬೇಕಾದ ಮಾತುಗಳಿವೆ: ಗಬ್ಬವೆಂದು ಹೇಗೆ ತಿಳಿಯಿತು, ಕೊನೆಯ ತಿಂಗಳಲ್ಲಿ ಹೊರೆ ಇಳಿಸಿದಿರಾ, ಹುರುಳಿಯನ್ನು ನೆನೆಸಿ ಕೊಟ್ಟಿರಾ ಬೇಯಿಸಿ ಕೊಟ್ಟಿರಾ, ತೊಟ್ಟಿನ ಆ ಮೇಣಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ಉತ್ತರ ಯಾವ ಭಾಷೆಯಲ್ಲಿ ಬಂದರೂ ಬಂದಂತೆಯೇ ಬರೆದುಕೊಳ್ಳಬೇಕು.