ಮಣ್ಣೆತ್ತು ಮಾಡಿದ ಕೈಗೆ ಹೊಸ ಮಣ್ಣು

ಮಣ್ಣಿನಷ್ಟು ಹಳೆಯ ಆಟದ ಸಾಮಾನು ಬೇರೊಂದಿಲ್ಲ. ಸಿಂಧೂ ಬಯಲಿನ ಹರಪ್ಪಾ, ಮೊಹೆಂಜೊದಾರೊ ನಗರಗಳ ಉತ್ಖನನದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ, ಸುಟ್ಟ ಮಣ್ಣಿನ ಚಿಕ್ಕ ಬಂಡಿಗಳೂ ಎತ್ತುಗಳೂ ದೊರೆತಿವೆ. ಅಂದಿನ ಬಂಡಿಯ ರೂಪವನ್ನು ಇಂದಿನ ವಿದ್ವಾಂಸರು ಅರಿತದ್ದು ಬಹುಮಟ್ಟಿಗೆ ಈ ಆಟಿಕೆಗಳಿಂದಲೇ. ಕಟ್ಟಿಗೆಯ ಬಂಡಿ ಮಣ್ಣುಗೂಡಿತು. ಮಣ್ಣಿನ ಬಂಡಿ ಉಳಿಯಿತು.

ನಮ್ಮ ರಾಣೆಬೆನ್ನೂರು ಸೀಮೆಯವರಿಗೆ ಈ ವಿದ್ಯೆ ಹೊಸದಲ್ಲ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಎರಡು ಎತ್ತು, ಮುಂದೊಂದು ಗ್ವಾದಲಿ, ಇಷ್ಟನ್ನು ಮಾಡಿ ಪೂಜಿಸದ ಒಕ್ಕಲಿಗರ ಮನೆ ಇತ್ತ ವಿರಳ. ಆ ಬಳಿಕ ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ ಎಂದು ಮಣ್ಣಿನ ಪೂಜೆ ಸಾಲುಗಟ್ಟಿ ಬರುತ್ತದೆ. ಕೆರೆಯ ಮಣ್ಣು ತಂದು ನಾದಿ ಕೋಡು ತಿದ್ದಿದ ಬಾಲ್ಯ ನಮ್ಮಲ್ಲಿ ಅನೇಕರದು. ಆದರೆ ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ ನಮ್ಮ ಕೈ ಲೇಖನಿಯನ್ನೂ ಮೊಬೈಲನ್ನೂ ಬಿಟ್ಟು ಮತ್ತೇನನ್ನೂ ಹಿಡಿಯುವುದಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಗೆ ಕೈಕೆಲಸವೇತಕ್ಕೆ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ತಪ್ಪೆಂಬುದು ನನ್ನ ಅಭಿಪ್ರಾಯ.

ಇತ್ತೀಚೆಗೆ ಪಾಲಿಮರ್ ಕ್ಲೇ ಎಂಬ ಬಣ್ಣದ ಜೇಡಿ ಪಟ್ಟಣಗಳ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಿದೆ. ಹೆಸರಿಗೆ ಮಣ್ಣಾದರೂ ಇದು ಮಣ್ಣಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿಗೆ ಎಣ್ಣೆಯಂಥ ದ್ರವವನ್ನು ಬೆರೆಸಿ ಇದನ್ನು ಮಾಡುತ್ತಾರೆ. ಇದು ಗಾಳಿಗೆ ಒಣಗುವುದಿಲ್ಲ. ಓವನ್ನಿನಲ್ಲಿ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅರ್ಧ ಗಂಟೆ ಇಟ್ಟರೆ ಪುಡಿಯ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತದೆ. ಇದರ ಮುಖ್ಯ ಗುಣವೆಂದರೆ ಬೆಂದ ಮೇಲೂ ಅಳತೆ ಹೆಚ್ಚುಕಡಿಮೆ ಹಾಗೆಯೇ ಉಳಿಯುವುದು. ನಮ್ಮ ಎರೆಮಣ್ಣಾದರೋ ಒಣಗುವಾಗ ಕುಗ್ಗುತ್ತದೆ, ಬಿರಿಯುತ್ತದೆ. ಬೇಸಿಗೆಯ ಹೊಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಂಬಾರರು ಹದಮಾಡಿದ ಮಣ್ಣು ಕೂಡ ಒಣಗಿ ಸುಟ್ಟ ಮೇಲೆ ಚಿಕ್ಕದಾಗಿಯೇ ಹೊರಬರುತ್ತದೆ.

ಅಳತೆಯ ಮಾದರಿ ಮಾಡುವವನಿಗೆ ಈ ಗುಣ ದೊಡ್ಡದು. ಹನ್ನೆರಡಕ್ಕೊಂದರ ಪ್ರಮಾಣವನ್ನು ತೆಗೆದುಕೊಳ್ಳೋಣ. ಒಂದು ಅಡಿ ಒಂದು ಅಂಗುಲವಾಗುತ್ತದೆ, ಲೆಕ್ಕ ಸುಲಭ. 9 ಅಂಗುಲದ ಜೋಳದ ರೊಟ್ಟಿ ಮುಕ್ಕಾಲು ಅಂಗುಲ. ಬ್ಯಾಡಗಿಯ ಮೆಣಸಿನಕಾಯಿ 12 ಸೆಂಟಿಮೀಟರ್ ಉದ್ದವಿದ್ದರೆ ಮಾದರಿಯಲ್ಲಿ ಒಂದೇ ಸೆಂಟಿಮೀಟರ್. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯ ಗುರುತೇ ಅದರ ಮೈಮೇಲಿನ ಸುಕ್ಕು. ಕಪ್ಪು ಬೆರೆತ ಕೆಂಪು ಜೇಡಿಯನ್ನು ಎಳೆಯಾಗಿ ಹೊಸೆದು, ಸೂಜಿಯ ಮೊನೆಯಿಂದ ಅಡ್ಡಡ್ಡ ಒತ್ತಿ, ತುದಿಗೆ ಒಣಹುಲ್ಲಿನ ಬಣ್ಣದ ತೊಟ್ಟು ಇಟ್ಟರೆ ಆ ಸುಕ್ಕು ಹಾಗೆಯೇ ನಿಲ್ಲುತ್ತದೆ. ಎರೆಮಣ್ಣಿನಲ್ಲಿ ಇಷ್ಟು ಸಣ್ಣ ಕಾಯಿ ಒಣಗುವ ಮುನ್ನವೇ ಮುರಿದೀತು. ಸರಿಯಾಗಿ ಬೆಂದ ಪಾಲಿಮರ್ ಕ್ಲೇ ತೆಳ್ಳಗಿದ್ದರೂ ತುಸು ಬಾಗುವುದೇ ಹೊರತು ಸುಲಭವಾಗಿ ಮುರಿಯದು.

ಇದೆಲ್ಲ ಮಕ್ಕಳಾಟವೆಂದು ಕೆಲವರು ನಗಬಹುದು. ಇಂಗ್ಲೆಂಡಿನಲ್ಲಿ 1921ರಿಂದ 1924ರವರೆಗೆ ರಾಣಿ ಮೇರಿಗಾಗಿ ಒಂದು ಗೊಂಬೆಮನೆಯನ್ನು ಇದೇ ಹನ್ನೆರಡಕ್ಕೊಂದರ ಪ್ರಮಾಣದಲ್ಲಿ ಕಟ್ಟಿದರು. ಅದರ ನಕ್ಷೆ ತೆಗೆದವನು ಹೊಸ ದಿಲ್ಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಲಟ್ಯೆನ್ಸ್. ಇಂದು ವಿಂಡ್ಸರ್ ಅರಮನೆಯಲ್ಲಿ ಅದನ್ನು ನೋಡುವವರು ಆ ಕಾಲದ ಶ್ರೀಮಂತರ ಅಡಿಗೆಮನೆ, ಗ್ರಂಥಾಲಯ, ಪಾತ್ರೆಪಡಗಗಳನ್ನು ಒಂದೇ ನೋಟದಲ್ಲಿ ಕಾಣುತ್ತಾರೆ. ಅರಮನೆಗೆ ಸಲ್ಲುವ ಈ ಗೌರವ ಒಕ್ಕಲುಮನೆಗೆ ಏಕೆ ಸಲ್ಲಬಾರದು? ನಮ್ಮದೇ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಉತ್ಸವ್ ರಾಕ್ ಗಾರ್ಡನ್ ಹಳ್ಳಿಯ ಬದುಕನ್ನು ಆಳೆತ್ತರದ ಪ್ರತಿಮೆಗಳಲ್ಲಿ ತೋರಿಸುತ್ತಿದೆ. ಅದಕ್ಕೆ ಎಕರೆಗಟ್ಟಲೆ ನೆಲ ಬೇಕು. ಅಳತೆಯ ಮಾದರಿಗೆ ಒಂದು ಮೇಜು ಸಾಕು.

ಮಿತ್ರರೇ, ಹಗೇವು ಎಂದರೆ ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದೀತು? ನೆಲುವು, ಒಳಕಲ್ಲು, ಕೂರಿಗೆ, ಚಕ್ಕಡಿಗಳನ್ನು ಅಜ್ಜಿ ಹೇಳಬಲ್ಲಳು, ತಾಯಿ ಅರ್ಧ ಹೇಳಬಲ್ಲಳು, ನಾವು ಹೆಸರನ್ನಷ್ಟೇ ಕೇಳಿದ್ದೇವೆ. ಟ್ರ್ಯಾಕ್ಟರ್ ಬಂದದ್ದು ತಪ್ಪಲ್ಲ, ಮಿಕ್ಸರ್ ಬಂದದ್ದೂ ತಪ್ಪಲ್ಲ. ಅವು ಹೆಂಗಸರ ಹಾಗೂ ರೈತರ ದಣಿವನ್ನು ಕಡಿಮೆ ಮಾಡಿವೆ. ಆದರೆ ಹಳೆಯ ಸಾಮಾನು ಒಲೆಗೋ ಗುಜರಿಗೋ ಸೇರುವ ಮೊದಲು ಅದರ ಅಳತೆಯನ್ನಾದರೂ ಬರೆದಿಡುವುದು ಓದಿದವರ ಕರ್ತವ್ಯವಲ್ಲವೇ? ಅಳೆಯದೆ ಮಾಡಿದ್ದು ಬರಿಯ ಆಟಿಕೆ, ಅಳೆದು ಮಾಡಿದ್ದು ಇತಿಹಾಸದ ದಾಖಲೆ.

ಪ್ಲಾಸ್ಟಿಕ್ಕನ್ನು ಊರಿಗೆ ತರುವುದು ಸರಿಯೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಇದು ಮಣ್ಣಿನಲ್ಲಿ ಕರಗುವ ವಸ್ತುವಲ್ಲ. ಆದುದರಿಂದ ಮಣ್ಣೆತ್ತನ್ನಾಗಲಿ ಗಣಪನನ್ನಾಗಲಿ ಇದರಿಂದ ಮಾಡಕೂಡದು. ನೀರಿಗೆ ಹೋಗತಕ್ಕದ್ದು ನೀರಿನಲ್ಲಿ ಕರಗಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರ ಮಾರ್ಗಸೂಚಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಪ್ಲಾಸ್ಟಿಕ್ ಮೂರ್ತಿಗಳು ಬೇಡವೆಂದದ್ದೂ ಈ ಕಾರಣಕ್ಕೇ. ಮಾದರಿಯಲ್ಲಿಯೂ ಗೋಡೆಗೆ ಮಣ್ಣೇ ಇರಲಿ, ಚಕ್ಕಡಿಗೆ ಕಟ್ಟಿಗೆಯೇ ಇರಲಿ. ರೊಟ್ಟಿ, ಕಾಯಿ, ಗಡಿಗೆ, ದೀಪಗಳಂಥ ಸಣ್ಣ ಸಾಮಾನಿಗೆ ಮಾತ್ರ ಈ ಜೇಡಿ ಸಾಕು. ಅವು ಕಪಾಟಿನಲ್ಲಿ ಉಳಿಯಬೇಕಾದವು. ಉಳಿಯಬೇಕಾದ್ದಕ್ಕೆ ಬಾಳುವ ವಸ್ತು ತಕ್ಕುದು. ಬೇಕಾದ ಜೇಡಿಯೂ ಹಿಡಿಯಷ್ಟೇ, ಆದಕಾರಣ ವೆಚ್ಚವೂ ಅಲ್ಪ.

ಎಚ್ಚರಿಕೆಯೂ ಅವಶ್ಯ. ಅಡಿಗೆಯ ತಟ್ಟೆಯಲ್ಲಿ ಇದನ್ನು ಬೇಯಿಸಬಾರದು. ಓವನ್ನಿನೊಳಗೆ ಬೇರೊಂದು ಥರ್ಮಾಮೀಟರ್ ಇಟ್ಟು ಕಾವನ್ನು ನೋಡಿಕೊಳ್ಳಬೇಕು. ಕಾವು ಮೀರಿ ಸೀದರೆ ಕಣ್ಣು ಗಂಟಲನ್ನು ಉರಿಸುವ ಹೊಗೆ ಏಳುತ್ತದೆ. ಕಿಟಕಿ ತೆರೆದಿರಲಿ. ಹಸಿ ಜೇಡಿಯನ್ನು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇಟ್ಟರೆ ಮುಟ್ಟುವ ಮೊದಲೇ ಬಿಗಿತುಕೊಂಡೀತು.

ಇಷ್ಟನ್ನು ಹೇಳಿ ನನ್ನದೊಂದು ಸೂಚನೆಯನ್ನು ಪ್ರಾಧ್ಯಾಪಕರ ಮುಂದಿಡುತ್ತೇನೆ. ಬರುವ ರಜೆಯಲ್ಲಿ ಇತಿಹಾಸ ಮತ್ತು ಕನ್ನಡ ವಿಭಾಗದ ವಿದ್ಯಾರ್ಥಿಗಳು ತಲೆಗೊಂದರಂತೆ ತಮ್ಮ ಮನೆಯ ಹಳೆಯ ಸಾಮಾನನ್ನು ಅಳೆದು, ಹಿರಿಯರು ಹೇಳುವ ಹೆಸರುಗಳನ್ನು ಬರೆದು ತರಲಿ. ಕಾಲೇಜು ಒಂದು ಚಿಕ್ಕ ಓವನ್ನನ್ನೂ ಗಾಜಿನ ಕಪಾಟನ್ನೂ ಒದಗಿಸಲಿ. ಎರಡು ಮೂರು ವರ್ಷಗಳಲ್ಲಿ ಒಂದು ಒಕ್ಕಲುಮನೆ, ಗ್ವಾದಲಿಯಿಂದ ಹಿಡಿದು ರೊಟ್ಟಿಬುಟ್ಟಿಯವರೆಗೆ, ನಮ್ಮ ಗ್ರಂಥಾಲಯದ ಬಾಗಿಲಲ್ಲಿ ನಿಂತೀತು. ಅಳೆಯುವ ಕೆಲಸಕ್ಕೆ ಹಣ ಬೇಕಿಲ್ಲ, ಅಪ್ಪಣೆಯೂ ಬೇಕಿಲ್ಲ. ಒಂದು ಟೇಪು, ಒಂದು ನೋಟುಪುಸ್ತಕ, ಕೇಳಿದ್ದಕ್ಕೆ ಉತ್ತರ ಹೇಳುವ ಅಜ್ಜ ಅಜ್ಜಿ ಇದ್ದರಾಯಿತು. ಜೇಡಿ ಮುಂದೆಯೂ ಅಂಗಡಿಯಲ್ಲಿ ಸಿಕ್ಕೀತು. ಹೆಸರು ಬಲ್ಲ ಹಿರಿಯರು ಎಷ್ಟು ದಿನ ಸಿಕ್ಕಾರು?